ಅಕ್ಕನ ವಿಮಾನ, ಹದಿನೇಳು ಸುತ್ತು

ನಾನು ಚಿಕ್ಕವಳಿದ್ದಾಗ ನಮ್ಮ ಜೋರಾಪುರ ಪೇಟೆಯ ಮೇಲೆ ಒಂದು ವಿಮಾನ ಹಾದುಹೋದರೆ ಇಡೀ ಓಣಿ ಹೊರಗೆ ಬಂದು ನಿಲ್ಲುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಸೀದು ಕರಕಾದರೂ ಯಾರೂ ಕೇಳುತ್ತಿರಲಿಲ್ಲ. ಆಗ ದೊಡ್ಡ ಯುದ್ಧ ನಡೆದಿತ್ತು, ಊರಿಗೆ ಆಗ ವಿಜಾಪುರ ಎನ್ನುತ್ತಿದ್ದೆವು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಎಲ್ಲಿಂದಲೋ ಒಂದು ಗುಂಯ್ ಎಂಬ ಸದ್ದು ಬರುತ್ತಿತ್ತು. ಆ ಸದ್ದು ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಅಕ್ಕ ಏಣಿ ಹತ್ತಿ ಮಾಳಿಗೆಯ ಮೇಲೆ ನಿಂತಾಗಿರುತ್ತಿತ್ತು. ವಿಮಾನ ಕಣ್ಮರೆಯಾದ ಮೇಲೂ ಅವಳು ಕೆಳಗಿಳಿಯುತ್ತಿರಲಿಲ್ಲ. ಅವ್ವ ಮೂರು ಸಲ ಕೂಗಬೇಕಾಗುತ್ತಿತ್ತು.

ನಮ್ಮ ಅಪ್ಪನದು ಸೈಕಲ್ ಅಂಗಡಿ. ಅಂಗಡಿಯೆಂದರೆ ಗಾಜು ದೀಪ ಇರುವ ಅಂಗಡಿ ಅಂದುಕೊಳ್ಳಬೇಡಿ ಮೊಮ್ಮಕ್ಕಳೇ. ಒಂದು ತಗಡಿನ ಛಾವಣಿ, ಗೋಡೆಗೆ ತೂಗುಹಾಕಿದ ಹಳೇ ಟಾಯರುಗಳು, ನೆಲದ ಮೇಲೆ ಒಂದು ಬೋಗುಣಿ ನೀರು, ರಬ್ಬರ್ ಸೊಲ್ಯೂಷನ್ನಿನ ವಾಸನೆ, ಅಷ್ಟೇ. ಯುದ್ಧದಿಂದಾಗಿ ಹೊಸ ಟ್ಯೂಬು ಸಿಗುತ್ತಿರಲಿಲ್ಲ. ಹನ್ನೊಂದು ತೇಪೆ ಬಿದ್ದ ಟ್ಯೂಬಿಗೆ ಹನ್ನೆರಡನೆಯದನ್ನು ಹಾಕುವುದೇ ಅಪ್ಪನ ದಿನದ ಕೆಲಸವಾಗಿತ್ತು. ಅಪ್ಪನಿಗೆ ಓದು ಅಷ್ಟಕ್ಕಷ್ಟೇ. ಅವನು ತೇಪೆ ಉಜ್ಜುತ್ತ ಕೂತರೆ ಅಕ್ಕ ಪಕ್ಕದಲ್ಲಿ ಕೂತು ಸಿಕ್ಕ ಕಾಗದವನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಅಕ್ಕನಿಗೆ ಹದಿಮೂರು ವರ್ಷ, ನನಗೆ ಏಳು. ಅವಳ ಕನ್ನಡ ಶಾಲೆ ಮುಗಿದಿತ್ತು. ಮುಂದೆ ಇಂಗ್ಲಿಷ್ ಶಾಲೆಗೆ ಹೋಗುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು. ಹುಡುಗಿಯರಿಗೆ ಇಷ್ಟು ಸಾಕು ಎಂದು ಅಪ್ಪ ಹೇಳಿ ಮುಗಿಸಿದ್ದ. ಅಪ್ಪ ಕೆಟ್ಟವನಲ್ಲ, ಓಣಿಯ ಮಾತಿಗೆ ಅಂಜುತ್ತಿದ್ದ, ಅಷ್ಟೇ.

ಒಂದು ದಿನ ಪಂಕ್ಚರ್ ಹಾಕಿಸಲು ಬಂದ ಮಾಸ್ತರರೊಬ್ಬರು ಒಂದು ಹಳೆಯ ಮಾಸಿಕವನ್ನು ಅಂಗಡಿಯಲ್ಲೇ ಬಿಟ್ಟುಹೋದರು. ಅದರ ತುಂಬ ವಿಮಾನಗಳ ಸುದ್ದಿ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲನ್ನು ಮೊಟ್ಟಮೊದಲು ಹಾರಿ ದಾಟಿದವನ ಕಥೆ. ಅಟ್ಲಾಂಟಿಕ್ ಮಹಾಸಾಗರವನ್ನು ಒಬ್ಬನೇ, ಮೂವತ್ತಮೂರು ತಾಸಿಗೂ ಹೆಚ್ಚು ಹೊತ್ತು ಎಚ್ಚರವಿದ್ದು ದಾಟಿದವನ ಕಥೆ. ಅವನಾದ ಐದು ವರ್ಷಕ್ಕೆ ಅದೇ ಸಾಗರವನ್ನು ಒಬ್ಬಳೇ ದಾಟಿದ ಹೆಣ್ಣುಮಗಳ ಕಥೆ. ಇದನ್ನು ಅಕ್ಕ ಎರಡು ಸಲ ಓದಿದಳು, ಎರಡನೆಯ ಸಲ ಇನ್ನೂ ಜೋರಾಗಿ. ಅಪ್ಪ ಕೇಳಿಸದವನಂತೆ ತೇಪೆ ಉಜ್ಜುತ್ತಲೇ ಇದ್ದ. ಆದರೆ ಮುಂದಿನ ಪುಟಕ್ಕೆ ಅವನ ಕೈ ನಿಂತಿತು.

"ಅಪ್ಪಾ, ಇಲ್ಲಿ ಕೇಳು. ಇಂಜಿನ್ನಿನ ವಿಮಾನ ಮೊದಲ ಹಾರಿಸಿದ ಅಣ್ಣ ತಮ್ಮ ಅದಾರಲ್ಲ, ಅವರದೂ ಸೈಕಲ್ ಅಂಗಡಿನ ಇತ್ತಂತ!"

"ಏನಂದಿ? ಮತ್ತೊಮ್ಮೆ ಓದವಾ," ಎಂದ ಅಪ್ಪ.

ಆ ದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅಪ್ಪ ಅದನ್ನೇ ಹೇಳಿದ. ಗಾಳಿ ತುಂಬಿಸಿಕೊಳ್ಳಲು ಬಂದವನಿಗೂ ಹೇಳಿದ. "ವಿಮಾನ ಮಾಡಿದವರು ಯಾರ ಅದಾರ ಗೊತ್ತೈತೇನ್ರಿ? ನಮ್ಮಂಥಾ ಸೈಕಲ್ ಅಂಗಡ್ಯಾವ್ರು!" ಅವನ ಎದೆ ಉಬ್ಬಿತ್ತು. ಆ ಮೊದಲ ಹಾರಾಟ ಹನ್ನೆರಡು ಸೆಕೆಂಡು, ನೂರಿಪ್ಪತ್ತು ಅಡಿ ಮಾತ್ರ ಎಂದು ಅಕ್ಕ ಓದಿದಾಗ ಅವನ ಮುಖ ಸ್ವಲ್ಪ ಸಪ್ಪಗಾಯಿತು.

"ಇಷ್ಟನ? ನಮ್ಮ ಓಣಿ ತುದಿ ಸೈತ ಮುಟ್ಟಾಂಗಿಲ್ಲಲ್ಲ ಅದು!"

"ಮೊದಲನೇದ ಅಪ್ಪಾ ಅದು. ಅದಕ್ಕಿಂತ ಮುಂಚೆ ಯಾರೂ ಹಂಗ ಹಾರಿದ್ದಿಲ್ಲ," ಎಂದಳು ಅಕ್ಕ. ಆಮೇಲೆ ಮಾಸಿಕವನ್ನು ಮಡಚಿಟ್ಟು ಕೇಳಿದಳು. "ನಾ ಅದಕ್ಕಿಂತ ದೂರ ಹಾರೂ ವಿಮಾನ ಮಾಡಿದ್ರ ಇಂಗ್ಲಿಷ್ ಸಾಲಿಗೆ ಕಳಸ್ತೀಯೇನು?"

ಅಪ್ಪ ನಕ್ಕ. ಅಂಗಡಿಯಲ್ಲಿದ್ದ ನಾಲ್ಕು ಮಂದಿಯೂ ನಕ್ಕರು. ನಗುವ ಭರದಲ್ಲಿ ಅಪ್ಪ ಮಾತು ಕೊಟ್ಟೇಬಿಟ್ಟ. "ಹಾರಸು ನೋಡೂಣು. ಹಾರಿದ್ರ ನಾನ ಸೈಕಲ್ ಮ್ಯಾಲ ಕುಂಡ್ರಿಸ್ಕೊಂಡು ಸಾಲಿಗೆ ಬಿಟ್ಟ ಬರ್ತೀನಿ."

ನಾಲ್ಕು ಮಂದಿಯ ಮುಂದೆ ಕೊಟ್ಟ ಮಾತು. ಅಪ್ಪ ಅದನ್ನು ಮರುದಿನವೇ ಮರೆತ, ಅಕ್ಕ ಮರೆಯಲಿಲ್ಲ.

ವಿಮಾನವನ್ನು ಅವಳು ಮಾಡಿದ್ದು ಜೋಳದ ದಂಟಿನಿಂದ. ನೀವು ಜೋಳದ ದಂಟನ್ನು ಕೈಯಲ್ಲಿ ಹಿಡಿದೇ ಇಲ್ಲ, ಅದಕ್ಕೇ ಹೇಳುತ್ತೇನೆ. ಮೇಲಿನ ಸಿಪ್ಪೆ ಸುಲಿದರೆ ಒಳಗೆ ಬೆಳ್ಳನೆಯ ಬೆಂಡು ಸಿಗುತ್ತದೆ, ಹತ್ತಿಯಷ್ಟು ಹಗುರ. ಸಿಪ್ಪೆಯನ್ನು ಉದ್ದಕ್ಕೆ ಸೀಳಿದರೆ ಬಾಗುವ, ಮುರಿಯದ ಕಡ್ಡಿಗಳಾಗುತ್ತವೆ. ಬೆಂಡಿನ ಮೈ, ಸಿಪ್ಪೆಯ ಎಲುಬು, ಅದರ ಮೇಲೆ ಗಾಳಿಪಟದ ಕೆಂಪು ಕಾಗದದ ರೆಕ್ಕೆ. ಅಂಟಿಗೆ ಅವ್ವನ ಹಿಟ್ಟಿನ ಗಂಜಿ. ಮೂತಿಗೆ ತಗಡಿನಿಂದ ಕತ್ತರಿಸಿ ತಿರುವಿದ ಪಂಖ. ಪಂಖ ತಿರುಗಲು ಸೈಕಲ್ ಟ್ಯೂಬಿನಿಂದ ದಾರದಷ್ಟು ತೆಳ್ಳಗೆ ಕೊಯ್ದ ರಬ್ಬರು. ಪಂಖವನ್ನು ಬೆರಳಿನಿಂದ ಹಿಂದಕ್ಕೆ ತಿರುವುತ್ತ ಹೋದರೆ ರಬ್ಬರು ಹುರಿಗೊಳ್ಳುತ್ತಿತ್ತು, ಕೈಬಿಟ್ಟರೆ ಭರ್ರೆಂದು ಬಿಚ್ಚಿಕೊಳ್ಳುತ್ತಿತ್ತು. ಟ್ಯೂಬು ಕೊಯ್ದದ್ದಕ್ಕೆ ಅಪ್ಪನಿಂದ ಬೈಗುಳ ತಿಂದವಳು ನಾನು, ಏಕೆಂದರೆ ಕತ್ತರಿ ನನ್ನ ಕೈಯಲ್ಲಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಮೊದಲ ವಿಮಾನ ಓಣಿಯಲ್ಲಿ ಎಮ್ಮೆಯೊಂದರ ಬೆನ್ನಿಗೆ ಬಡಿದು ಮುರಿಯಿತು. ಎರಡನೆಯದು ಬಾಲ ಭಾರವಾಗಿ ಹಿಂದಕ್ಕೆ ಕುಸಿಯಿತು. ಅಕ್ಕ ಮೂತಿಗೆ ಸೈಕಲ್ ಬೇರಿಂಗಿನ ಒಂದು ಉಕ್ಕಿನ ಗುಂಡು ಅಂಟಿಸಿದಳು, ಆಗ ಮೂತಿ ಭಾರವಾಗಿ ನೆಲಕ್ಕೆ ಗುದ್ದಿತು. ಇನ್ನೂ ಸಣ್ಣ ಗುಂಡು ಹಾಕಿದಳು. ಹೀಗೆ ಐದಾರು ವಾರ. ಕೊನೆಗೆ ಬೇಸಿಗೆ ಶುರುವಾದಾಗ ಅವಳು ಅಪ್ಪನ ಮುಂದೆ ನಿಂತು, ವಿಮಾನ ತಯಾರಾಗಿದೆ, ಹಾರಿಸಲು ಓಣಿ ಸಾಲದು, ಟಿಕೋಟದ ಮಡ್ಡಿಗೆ ಹೋಗೋಣ ಎಂದಳು. ಟಿಕೋಟ ಅವ್ವನ ತವರೂರು. ಊರ ಹೊರಗಿನ ಮಡ್ಡಿ ಎಂದರೆ ಬೆಳೆ ಬೆಳೆಯದ ಗಟ್ಟಿ ನೆಲ, ಚಾಪೆ ಹಾಸಿದಂತೆ ಸಪಾಟು. ಅಪ್ಪನಿಗೆ ಆಗ ಕೊಟ್ಟ ಮಾತು ನೆನಪಾಯಿತು. ಅವನು ಗಡ್ಡ ಕೆರೆದುಕೊಂಡ, ಆದರೆ ಇಲ್ಲ ಎನ್ನಲಿಲ್ಲ.

ನಸುಕಿನಲ್ಲೇ ಹೊರಟೆವು. ಒಂದೇ ಸೈಕಲ್ಲು. ಮುಂದಿನ ದಾಂಡಿಯ ಮೇಲೆ ನಾನು, ಹಿಂದಿನ ಕ್ಯಾರಿಯರ್ ಮೇಲೆ ಅಕ್ಕ. ಅಕ್ಕನ ತೊಡೆಯ ಮೇಲೆ ಅವ್ವನ ಹಳೆಯ ಸೀರೆಯಲ್ಲಿ ಸುತ್ತಿದ ವಿಮಾನ. ಹತ್ತು ಹನ್ನೆರಡು ಮೈಲಿ ದಾರಿಯುದ್ದಕ್ಕೂ ಅವಳು ಅದನ್ನು ಹಸುಗೂಸಿನಂತೆ ಹಿಡಿದಿದ್ದಳು. ಜೋಳ ಕೊಯ್ದು ಬರಿದಾದ ಕರಿ ನೆಲ ಎರಡೂ ಕಡೆ ಬಿರುಕು ಬಿಟ್ಟು ಮಲಗಿತ್ತು. ಗಾಳಿಯಲ್ಲಿ ದಂಟು ಒಣಗಿದ ಕಣಿಕೆಯ ವಾಸನೆ ಇತ್ತು. ಅಪ್ಪ ಏದುಸಿರು ಬಿಡುತ್ತ ತುಳಿಯುತ್ತಿದ್ದ, ನಾವು ಅವನಿಗೆ ಕರುಣೆ ತೋರಿಸದೆ ಇನ್ನೂ ಜೋರಾಗಿ ಎನ್ನುತ್ತಿದ್ದೆವು.

ಟಿಕೋಟದಲ್ಲಿ ಅಜ್ಜ ಮತ್ತು ಆಯಿ ಇದ್ದರು. ಆಯಿ ಎಂದರೆ ನಮ್ಮ ಅಜ್ಜಿ. ಬಬಲೇಶ್ವರಕ್ಕೆ ಮದುವೆ ಮಾಡಿ ಕೊಟ್ಟಿದ್ದ ಚಿಕ್ಕವ್ವನೂ ಆ ದಿನ ಎತ್ತಿನ ಚಕ್ಕಡಿಯಲ್ಲಿ ಬಂದಿದ್ದಳು, ತನ್ನ ಮನೆಗೆ ಜೋಳ ಒಯ್ಯಲು. ವಿಮಾನ ನೋಡಿ ಅಜ್ಜ ಅದನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದ. "ಇದರಾಗ ಏನೂ ಇಲ್ಲಲ್ಲ ಬೇ! ಗಾಳಿನ ಐತಿ," ಎಂದ. ಅದಕ್ಕೇ ಹಾರುತ್ತದೆ ಎಂದಳು ಅಕ್ಕ.

ಚಕ್ಕಡಿಯ ಎತ್ತುಗಳನ್ನು ಮೇಯಿಸಲು ಹೊಡೆದುಕೊಂಡು ಮಡ್ಡಿಗೆ ಹೋಗಿ ಅಲ್ಲಿ ಕಟ್ಟಿದೆವು. ಈಗ ನೂರಿಪ್ಪತ್ತು ಅಡಿ ಅಳೆಯಬೇಕು. ಅದಕ್ಕೆ ಅಪ್ಪನದೇ ಒಂದು ವಿದ್ಯೆ ಇತ್ತು. ಪೇಟೆಯಲ್ಲಿ ಮದುವೆ ಹಂದರ ಹಾಕುವವರು ಜಾಗ ಅಳೆಯಲು ಅಪ್ಪನನ್ನೇ ಕರೆಯುತ್ತಿದ್ದರು. ಅವನು ಸೈಕಲ್ಲಿನ ಮುಂದಿನ ಚಕ್ರದ ಒಂದು ಕಡ್ಡಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಸೈಕಲ್ ನೂಕುತ್ತ ಹೋದಂತೆ ಆ ಬಟ್ಟೆ ಮೇಲೆ ಹೋಗಿ ಮತ್ತೆ ನೆಲದ ಹತ್ತಿರ ಬಂದರೆ ಒಂದು ಸುತ್ತು. ಒಂದು ಸುತ್ತೆಂದರೆ ಏಳು ಅಡಿ ನಾಲ್ಕು ಇಂಚು. ನೂರಿಪ್ಪತ್ತು ಅಡಿಗೆ ಹದಿನಾರು ಸುತ್ತು ಮುಗಿದು ಮೇಲೆ ಒಂದಿಷ್ಟು ಬೇಕಾಗುತ್ತದೆ ಎಂದು ಅಪ್ಪ ಲೆಕ್ಕ ಹಾಕಿದ. ಮುಂದೆ ತಕರಾರು ಬೇಡವೆಂದು ಹದಿನೇಳು ಸುತ್ತು ಎಂದೇ ಗೊತ್ತುಮಾಡಿದರು. ಅಕ್ಕ ಒಪ್ಪಿದಳು. ಹಾರಿಸಲು ಮೂರು ಅವಕಾಶ.

ಹಿರಿಯರಿದ್ದಲ್ಲಿ ಅಳತೆಯನ್ನು ಹಿರಿಯರೇ ಶುರುಮಾಡಬೇಕು. "ಮಾವಾರ, ನಿಮ್ಮ ಕೈಲೆ ಆಗ್ಲಿರಿ," ಎಂದು ಅಪ್ಪ ಸೈಕಲ್ಲನ್ನು ಅಜ್ಜನ ಕೈಗೆ ಕೊಟ್ಟ. ಅಜ್ಜ ಹಿಮ್ಮಡಿಯಿಂದ ನೆಲದ ಮೇಲೆ ಗೆರೆ ಎಳೆದು, ಚಕ್ರವನ್ನು ಗೆರೆಗೆ ತಂದು, "ಲಾಭ" ಎನ್ನುತ್ತ ಸೈಕಲ್ಲನ್ನು ಮುಂದೆ ನೂಕಿದ. ಅಷ್ಟರಲ್ಲಿ ಚಕ್ಕಡಿಯ ಎತ್ತೊಂದು ಕೊರಳ ಹಗ್ಗ ಬಿಚ್ಚಿಕೊಂಡು ಹೊರಟಿತು. ಅಜ್ಜ ಹ್ಯಾಂಡಲನ್ನು ಅಪ್ಪನಿಗೆ ಕೊಟ್ಟು ಎತ್ತಿನ ಹಿಂದೆ ಓಡಿದ. ಅಪ್ಪ ಅಲ್ಲಿಂದ ಹಿಡಿದು ಒಂದು, ಎರಡು ಎಂದು ಎಣಿಸುತ್ತ ಹೋಗಿ, ಹದಿನೇಳಕ್ಕೆ ನಿಂತು, ಅಲ್ಲೊಂದು ದೊಡ್ಡ ಕಲ್ಲಿಟ್ಟ.

ಮೊದಲ ಸಲ ಅಕ್ಕ ಗೆರೆಯ ಮೇಲೆ ನಿಂತು ಆತುರದಲ್ಲಿ ಕೈಬಿಟ್ಟಳು. ವಿಮಾನ ನಾಲ್ಕು ಮಾರು ಹೋಗಿ ಮೂತಿ ಕೆಳಗೆ ಮಾಡಿತು. ಎರಡನೆಯ ಸಲ ಚೆನ್ನಾಗಿ ಮೇಲೇರಿತು, ಆದರೆ ಗಾಳಿಗೆ ಓರೆಯಾಗಿ ತಿರುಗಿ ನಮ್ಮ ತಲೆಯ ಮೇಲೆಯೇ ಹಿಂದಕ್ಕೆ ಬಂದು ಅಜ್ಜ ತಲೆಗೆ ಸುತ್ತಿದ ಪಟಗಕ್ಕೆ ಬಡಿಯಿತು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಅವಳು ರೆಕ್ಕೆಯ ಹರಿದ ಅಂಚಿಗೆ ಉಗುಳು ಹಚ್ಚಿ ಒತ್ತಿದಳು, ಬಾಲವನ್ನು ಕೂದಲೆಳೆಯಷ್ಟು ಬಾಗಿಸಿದಳು, ಪಂಖವನ್ನು ತಿರುವುತ್ತ ನಿಂತಳು. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ಇನ್ನೂರಾದ ಮೇಲೆ ರಬ್ಬರು ಹರಿಯುತ್ತದೆ ಎಂದು ಅಪ್ಪ ಕೂಗಿದ. ಅಕ್ಕ ಇನ್ನೂ ಇಪ್ಪತ್ತು ಸುತ್ತು ತಿರುವಿದಳು. ಗಾಳಿ ಒಂದು ಕ್ಷಣ ನಿಂತಿತು. ಅವಳು ಕೈಬಿಟ್ಟಳು.

ಆ ಹಾರಾಟವನ್ನು ನಾನು ಹೇಗೆ ಹೇಳಲಿ ನಿಮಗೆ! ಕೆಂಪು ರೆಕ್ಕೆಯ ಆ ದಂಟಿನ ವಿಮಾನ ಆಳುದ್ದ ಎತ್ತರದಲ್ಲಿ, ಯಾರೋ ದಾರ ಕಟ್ಟಿ ಎಳೆದಂತೆ ನೇರವಾಗಿ ಹೋಯಿತು. ಪಂಖದ ಸದ್ದು ದೊಡ್ಡ ದುಂಬಿಯ ಸದ್ದಿನ ಹಾಗೆ ಕೇಳುತ್ತಿತ್ತು. ನಾನು ಅದರ ನೆರಳಿನ ಹಿಂದೆ ಓಡಿದೆ, ಅದು ನನಗಿಂತ ಮುಂದೆ ಇತ್ತು. ಆಮೇಲೆ ಸದ್ದು ನಿಂತಿತು. ವಿಮಾನ ಮೆಲ್ಲಗೆ ತೇಲಿ, ಹೊಟ್ಟೆ ನೆಲಕ್ಕೆ ತಾಗಿ, ಸ್ವಲ್ಪ ದೂರ ಜಾರಿ ನಿಂತಿತು. ಅಪ್ಪನ ಕಲ್ಲು ಅದರಿಂದ ಮೂರು ಮೊಳ ಮುಂದೆ ಇತ್ತು.

ಅಪ್ಪ ಕಲ್ಲಿನ ಹತ್ತಿರ ನಿಂತು ಕೆಳಗೆ ನೋಡುತ್ತಿದ್ದ. "ಸೋತಿ ಅನ್ನಾಕ ನನಗ ಬಾಯಿ ಬರವಲ್ದು ನೋಡವಾ," ಎಂದ. ಅಕ್ಕ ತನ್ನ ಜಡೆಯ ರಿಬ್ಬನ್ ಬಿಚ್ಚಿ, ವಿಮಾನದ ಮೂತಿ ಇದ್ದಲ್ಲಿ ಒಂದು ಮುಳ್ಳುಕಡ್ಡಿ ಚುಚ್ಚಿ ಅದಕ್ಕೆ ಕಟ್ಟಿದಳು. ಸೋತರೂ ಎಷ್ಟು ದೂರ ಎಂಬುದು ಇರಲಿ ಎಂದಳು. ಆಮೇಲೆ ವಿಮಾನವನ್ನು ಎತ್ತಿಕೊಂಡು ಬೇವಿನ ಗಿಡದ ಕೆಳಗೆ ಹೋಗಿ ಕೂತಳು. ಕರೆದರೂ ಬರಲಿಲ್ಲ. ಅಕ್ಕ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಉಳಿದವರು ಊಟಕ್ಕೆ ಮನೆಗೆ ಬಂದೆವು. ನನಗೆ ರೊಟ್ಟಿ ಸೇರಲಿಲ್ಲ. ಪಡಸಾಲೆಯಲ್ಲಿ ಆಯಿ ಚಿಕ್ಕವ್ವನಿಗಾಗಿ ಜೋಳ ಅಳೆಯುತ್ತಿದ್ದಳು, ನಾನು ಹೋಗಿ ಅವಳ ಪಕ್ಕ ಕೂತೆ. ನಮ್ಮ ಪೇಟೆಯ ಮನೆಯಲ್ಲಿ ಅವ್ವ ಡಬ್ಬಿಯಿಂದ ಬಟ್ಟಲಿನಲ್ಲಿ ಜೋಳ ತೆಗೆಯುತ್ತಿದ್ದಳು. ಹೀಗೆ ಸೇರಿನಲ್ಲಿ ಅಳೆಯುವುದನ್ನು ನಾನು ಕಂಡಿರಲಿಲ್ಲ. ಆಯಿ ಸೇರು ತುಂಬಿ, ಅಂಗೈಯಿಂದ ಗೋಪುರ ಮಾಡಿ, ಚೀಲಕ್ಕೆ ಸುರಿಯುತ್ತ, "ಲಾಭ" ಎಂದಳು. ಮತ್ತೊಂದು ಸೇರು ಸುರಿಯುತ್ತ, "ಎರಡ" ಎಂದಳು.

"ಆಯಿ, ಒಂದ ಎಲ್ಲಿ ಹೋತು?" ಎಂದು ಕೇಳಿದೆ.

"ಕಾಳ ಅಳಿಯೂ ಮುಂದ ಒಂದ ಅನಬಾರ್ದವಾ. ಲಾಭ ಅಂದ್ರನ ಒಂದ. ಶುರುವಾತಿಗೆ ಒಳ್ಳೆ ಮಾತ ಬರಬೇಕು," ಎಂದಳು ಆಯಿ, ಮೂರನೆಯ ಸೇರಿಗೆ ಕೈ ಹಾಕುತ್ತ.

ನಾನು ಎದ್ದ ರಭಸಕ್ಕೆ ಜೋಳ ಅರ್ಧ ಪಡಸಾಲೆಗೆ ಚೆಲ್ಲಿತು. ಆಯಿ ಬೈದದ್ದು ಕೇಳಿಸಲಿಲ್ಲ. ಒಳಗೆ ಅಪ್ಪ ಮತ್ತು ಅಜ್ಜ ಊಟಕ್ಕೆ ಕೂತಿದ್ದರು. "ಅಜ್ಜಾ, ನೀ ಲಾಭ ಅಂದಾಗ ಚಕ್ರ ಎಷ್ಟ ಉರುಳಿಸಿದಿ?" ಎಂದು ಕೂಗಿದೆ.

"ಎಷ್ಟಂದ್ರ? ಪೂರಾ ಒಂದ ಸುತ್ತ," ಎಂದ ಅಜ್ಜ.

ಅಪ್ಪನ ಕೈಯಲ್ಲಿನ ರೊಟ್ಟಿ ಬಾಯಿಯ ಹತ್ತಿರ ನಿಂತಿತು. "ಏನಂದ್ರಿ ಮಾವಾರ? ನೀವು ಚಕ್ರ ನೆಟ್ಟಗ ಮಾಡ್ಲಿಕ್ಕೆ ನೂಕಿದ್ರಿ, ದೇವರ ಹೆಸರ ತಗೊಂಡಂಗ ಲಾಭ ಅಂದ್ರಿ ಅಂತ ತಿಳಕೊಂಡೆ ನಾ. ಒಂದರಿಂದ ಹಿಡದ್ನಿ!"

"ಲಾಭ ಆದ ಮ್ಯಾಲ ಎರಡ ಅನಬೇಕಲ್ರಿ ಅಳಿಯಾರ! ಪ್ಯಾಟಿ ಮಂದಿಗೆ ಅಳತಿನೂ ಬರೂದಿಲ್ಲೇನ್ರಿ?"

ನೋಡಿ, ಅಷ್ಟೇ ಆಗಿದ್ದು. ಅಪ್ಪ ದಿನವೂ ಸೈಕಲ್ಲಿನ ಗುಂಡು ಎಣಿಸುವವನು, ಒಂದು ಎರಡು ಎಂದೇ ಎಣಿಸುವವನು. ಅಜ್ಜನ ಸುತ್ತು ಅವನ ಎಣಿಕೆಗೆ ಬರಲೇ ಇಲ್ಲ. ಕಲ್ಲು ಕೂತಿದ್ದು ಹದಿನೇಳನೆಯ ಸುತ್ತಿಗಲ್ಲ, ಹದಿನೆಂಟನೆಯದಕ್ಕೆ. ಅಪ್ಪ ಸುಮ್ಮನಿದ್ದುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೂರು ಅವಕಾಶ ಮುಗಿದಿತ್ತು, ಓಣಿಯ ಮಾತಿನ ಅಂಜಿಕೆಯೂ ತಪ್ಪುತ್ತಿತ್ತು. ಆದರೆ ಅಪ್ಪ ತುತ್ತು ಬಿಟ್ಟು ಎದ್ದ. ಕೈ ತೊಳೆದನೋ ಇಲ್ಲವೋ, ಸೈಕಲ್ ಹಿಡಿದು ಮಡ್ಡಿಯ ಕಡೆಗೆ ಓಡಿದ. ಅವನ ಹಿಂದೆ ಅಜ್ಜ, ಅಜ್ಜನ ಹಿಂದೆ ನಾನು, ನನ್ನ ಹಿಂದೆ ಚಿಕ್ಕವ್ವ. ನೆತ್ತಿ ಸುಡುವ ಬಿಸಿಲು. ಕಾಲಲ್ಲಿ ಚಪ್ಪಲಿ ಇರಲಿಲ್ಲ ಎಂಬುದು ನನಗೆ ನೆನಪಾದದ್ದು ಆಮೇಲೆ, ಬೊಬ್ಬೆ ಎದ್ದ ಮೇಲೆ.

ಬೇವಿನ ಗಿಡದ ಕೆಳಗಿಂದ ಅಕ್ಕ ಎದ್ದು ಬಂದಳು. ಏನಾಯಿತೆಂದು ಅಪ್ಪ ಹೇಳಲು ಹೋಗಿ ಉಸಿರು ಸಾಲದೆ ಗೆರೆಯ ಕಡೆ ಕೈ ತೋರಿಸಿದ. ಕೊನೆಗೆ ನಾನೇ ಹೇಳಿದೆ. ಅಕ್ಕ ನೆಟ್ಟಗೆ ಹೋಗಿ ಚಕ್ರವನ್ನು ಗೆರೆಗೆ ಸರಿಯಾಗಿ ಇಟ್ಟಳು. ಅಜ್ಜ ಹ್ಯಾಂಡಲ್ ಹಿಡಿದ. ಈ ಸಲ ಎಲ್ಲರೂ ಕೂಡಿಯೇ ಕೂಗಿದೆವು. "ಲಾಭ! ಎರಡ! ಮೂರ!" ಹತ್ತಾದ ಮೇಲೆ ಚಿಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹದಿನಾರಕ್ಕೆ ರಿಬ್ಬನ್ ಇನ್ನೂ ಮುಂದೆ ಇತ್ತು. ಹದಿನೇಳಕ್ಕೆ ಕೆಂಪು ಬಟ್ಟೆ ನೆಲದ ಹತ್ತಿರ ಬಂತು. ಅಜ್ಜ ನಿಂತ. ಮುಳ್ಳುಕಡ್ಡಿಯ ಮೇಲೆ ಅಕ್ಕನ ರಿಬ್ಬನ್ ಗಾಳಿಗೆ ಪಟಪಟ ಎನ್ನುತ್ತಿತ್ತು, ಚಕ್ರದಿಂದ ಹೆಚ್ಚುಕಡಿಮೆ ಎರಡು ಮೊಳ ಮುಂದೆ.

ಅಜ್ಜ ತಲೆಯ ಪಟಗ ತೆಗೆದು ಆಕಾಶಕ್ಕೆ ಎಸೆದ. ಅದು ಬಿಚ್ಚಿಕೊಂಡು ಉದ್ದಕ್ಕೆ ಹಾರಿತು. ಅಪ್ಪ ಅಕ್ಕನನ್ನು ಎತ್ತಿ ಕ್ಯಾರಿಯರ್ ಮೇಲೆ ಕೂಡಿಸಿ, ಗಂಟೆ ಬಾರಿಸುತ್ತ ಮಡ್ಡಿಯ ಸುತ್ತ ಸೈಕಲ್ ಓಡಿಸಿದ. ಒಂದು ಸುತ್ತಲ್ಲ, ನಾಲ್ಕು ಸುತ್ತು. "ಸೈಕಲ್ ಅಂಗಡ್ಯಾವನ ಮಗಳ್ರೀ!" ಎಂದು ಕೂಗುತ್ತಿದ್ದ. ಅಲ್ಲಿ ಕೇಳಲು ಎತ್ತುಗಳನ್ನು ಬಿಟ್ಟರೆ ಯಾರೂ ಇರಲಿಲ್ಲ, ಆದರೂ ಕೂಗುತ್ತಿದ್ದ. ಅಕ್ಕ ಒಂದು ಕೈಯಲ್ಲಿ ವಿಮಾನವನ್ನು ಎತ್ತಿ ಹಿಡಿದು ನಗುತ್ತಿದ್ದಳು, ಅಳುತ್ತಲೂ ಇದ್ದಳು. ನಾನು ಅವರ ಹಿಂದೆ ಕುಣಿಯುತ್ತ ಓಡಿದೆ. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಮಧ್ಯಾಹ್ನ ಮತ್ತೊಂದು ಇಲ್ಲ, ಇದನ್ನು ನಿಮ್ಮ ಅಜ್ಜನ ಎದುರಿಗೂ ಹೇಳಿದ್ದೇನೆ.

ಸಂಜೆ ಅಪ್ಪ ಒಂದು ಕೊಂಕು ತೆಗೆದ. ಆ ಅಣ್ಣ ತಮ್ಮ ಅದೇ ದಿನ ನಾಲ್ಕನೆಯ ಸಲ ಎಂಟು ನೂರು ಅಡಿಗೂ ಹೆಚ್ಚು ಹಾರಿದ್ದರಂತಲ್ಲ ಎಂದ. ಅದು ಕಾಲೇಜಿಗೆ ಕಳಿಸುವಾಗ ಎಂದಳು ಅಕ್ಕ. ಶಾಲೆ ತೆರೆದ ದಿನ ಅಪ್ಪ ಮಾತಿನಂತೆ ಅವಳನ್ನು ಸೈಕಲ್ ಮೇಲೆ ಕೂಡಿಸಿಕೊಂಡು ಜೋರಾಪುರ ಪೇಟೆಯ ನಡುವೆಯೇ ಹೋದ. ಓಣಿಯವರು ಏನೇನೋ ಅಂದರು. ಅಪ್ಪ ಗಂಟೆ ಬಾರಿಸಿದ. ಅಕ್ಕ ಮುಂದೆ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಗಣಿತ ಕಲಿಸಿದಳು. ನನ್ನ ಸರದಿ ಬಂದಾಗ ನಾನು ಯಾವ ವಿಮಾನವನ್ನೂ ಹಾರಿಸಬೇಕಾಗಲಿಲ್ಲ. ಒಂದು ದಿನ ಅಪ್ಪನೇ ಶಾಲೆಗೆ ಹೋಗಿ ನನ್ನ ಹೆಸರು ಹಚ್ಚಿಸಿ ಬಂದಿದ್ದ.

ಈಗ ನಿಮ್ಮ ಮದುವೆ ಮನೆಗಳಲ್ಲಿ ಡ್ರೋನು ಬಂದು ತಲೆಯ ಮೇಲೆ ಗುಂಯ್ ಎಂದರೂ ನೀವು ಊಟದ ತಟ್ಟೆಯಿಂದ ಮುಖ ಎತ್ತುವುದಿಲ್ಲ. ಮೊನ್ನೆ ನಿಮ್ಮಲ್ಲೇ ಚಿಕ್ಕವನು, ನಮ್ಮ ಪುಟ್ಟ, ಫೋನನ್ನು ಗೋಡೆಗೆ ಹಿಡಿದು, ಒಂದು ಹೆಜ್ಜೆಯನ್ನೂ ಇಡದೆ ಇಡೀ ಕೋಣೆಯ ಅಳತೆ ಹೇಳಿದ. ಬೊಂಬೆ ವಿಮಾನ ಹಾರಿದ್ದು ದಾಖಲೆಯಲ್ಲ, ಅದರಲ್ಲಿ ಮನುಷ್ಯ ಇರಬೇಕು ಎಂದೂ ಅವನೇ ನನಗೆ ಬುದ್ಧಿ ಹೇಳಿದ. ಇರಲಿ, ಅವನು ಹೇಳುವುದು ಸರಿ. ಆದರೆ ಆ ಹಾರಾಟದಲ್ಲಿ ಒಬ್ಬಳು ಮನುಷ್ಯಳು ಇದ್ದಳು, ನಾನು ಕಣ್ಣಾರೆ ನೋಡಿದ್ದೇನೆ.

ಅಕ್ಕನಿಗೆ ಎಪ್ಪತ್ತಾದ ವರ್ಷ ನಾವಿಬ್ಬರೂ ಮೊದಲ ಸಲ ನಿಜವಾದ ವಿಮಾನ ಹತ್ತಿದೆವು. ನಿಮ್ಮ ಅಪ್ಪ ಟಿಕೆಟ್ಟು ತೆಗೆಸಿಕೊಟ್ಟಿದ್ದ. ಕಿಟಕಿಯ ಪಕ್ಕದ ಸೀಟಿಗಾಗಿ ನಾವು ಜಗಳಾಡಿದೆವು, ಅಕ್ಕನೇ ಗೆದ್ದಳು. ವಿಮಾನ ನೆಲದ ಮೇಲೆ ಓಡಲು ಶುರುಮಾಡಿದಾಗ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೆಳಗೆ ಚಕ್ರಗಳು ಉರುಳುವ ಸದ್ದು ಕೇಳುತ್ತಿತ್ತು. ಅವಳು ಕಣ್ಣು ಮುಚ್ಚಿ, ನನಗೆ ಮಾತ್ರ ಕೇಳುವಂತೆ, "ಲಾಭ" ಎಂದಳು. ನಾನು ಎರಡು ಎನ್ನುವಷ್ಟರಲ್ಲಿ ನೆಲ ಕೆಳಗೆ ಉಳಿದಿತ್ತು.